ಹಣ್ಣಾದ ಹುಳು, ಹಣ್ಣಿನ ನೊಣ

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ರೇಷ್ಮೆ ಸಾಕಿದ ಮನೆಯವರಿಗೆ ‘ಹುಳು ಹಣ್ಣಾಯಿತು’ ಎಂಬ ಮಾತು ಹೊಸದಲ್ಲ. ನಾಲ್ಕು ಜ್ವರ ಕಳೆದು, ಸೊಪ್ಪು ತಿನ್ನುವುದನ್ನು ಬಿಟ್ಟ ಹುಳುವನ್ನು ಆರಿಸಿ ಚಂದ್ರಿಕೆಗೆ ಬಿಡುತ್ತಾರೆ. ಎರಡು ಮೂರು ದಿನಗಳಲ್ಲಿ ಗೂಡು ಸಿದ್ಧ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಯಳಂದೂರು ಮೈಸೂರಿಗೆ. ಆಳುವವರು ಬೇರೆಯಾದರೂ ಹುಳುವಿನ ಪಂಚಾಂಗ ಒಂದೇ.

ನೂಲು ಬಿಚ್ಚುವ ಮೊದಲು ಗೂಡಿಗೆ ಬಿಸಿ ಕೊಟ್ಟು ಒಳಗಿನ ಜೀವವನ್ನು ಕೊಲ್ಲುವುದನ್ನು ಎಲ್ಲರೂ ಬಲ್ಲರು. ಆದರೆ ಅದಕ್ಕೂ ಮುಂಚೆ ಗೂಡಿನಲ್ಲಿ ಇನ್ನೊಂದು ಸಾವು ಮೊದಲಾಗಿರುತ್ತದೆ. ನೂರಾರು ಮೀಟರು ಎಳೆಯನ್ನು ಸುರಿಸಿದ ರೇಷ್ಮೆಗ್ರಂಥಿ ಕೆಲಸ ಮುಗಿದೊಡನೆ ತಾನೇ ಕರಗತೊಡಗುತ್ತದೆ. ಅದಕ್ಕೆ ರೋಗವಿಲ್ಲ, ಗಾಯವಿಲ್ಲ. ಹಾಗಾದರೆ ಅಪ್ಪಣೆ ಕೊಟ್ಟವರಾರು?

ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್‌ಸನ್ 1954ರಲ್ಲಿ 500 ಕಿಲೋಗ್ರಾಂ ರೇಷ್ಮೆ ಪ್ಯೂಪಗಳಿಂದ ಕೇವಲ 25 ಮಿಲಿಗ್ರಾಂ ಹರಳನ್ನು ಬೇರ್ಪಡಿಸಿದರು. ಅದೇ ಎಕ್ಡೈಸೋನ್, ಹುಳುವಿಗೆ ಪೊರೆ ಕಳಚಿಸುವ, ರೂಪ ಬದಲಿಸುವ ಹಾರ್ಮೋನು. ಗ್ರಂಥಿಯ ಸಾವಿಗೆ ಕರೆ ಕೊಡುವುದೂ ಇದೇ. ಹತ್ತು ವರ್ಷಗಳ ಬಳಿಕ, 1964ರಲ್ಲಿ, ಅಮೆರಿಕದ ಲಾಕ್‌ಶಿನ್ ಮತ್ತು ವಿಲಿಯಮ್ಸ್ ನಮ್ಮ ತಸರ್ ಹುಳುವಿನ ಬಳಗದ ಕಾಡು ಪತಂಗಗಳನ್ನು ಪರೀಕ್ಷಿಸಿದರು. ಗೂಡಿನಿಂದ ಹೊರಬರಲು ನೆರವಾದ ಹೊಟ್ಟೆಯ ಸ್ನಾಯುಗಳು ಆ ಬಳಿಕ ಬೇಗನೆ ಅಳಿಯುವುದನ್ನು ಕಂಡು, ಇದನ್ನು ‘ಯೋಜಿತ ಜೀವಕೋಶ ಮರಣ’ವೆಂದು ಕರೆದರು.

ಪತಂಗ ಎತ್ತಿದ ಪ್ರಶ್ನೆಗೆ ಉತ್ತರ ದೊರೆತದ್ದು ಕಳಿತ ಬಾಳೆಹಣ್ಣಿಗೆ ಮುತ್ತುವ ಸಣ್ಣ ನೊಣದಲ್ಲಿ. 1994ರಲ್ಲಿ ಕ್ರಿಸ್ಟಿನ್ ವೈಟ್, ಹರ್ಮನ್ ಸ್ಟೆಲ್ಲರ್ ಮತ್ತು ಸಂಗಡಿಗರು ನೊಣದ ‘ರೀಪರ್’, ಎಂದರೆ ಕೊಯ್ಲುಗಾರ, ಎಂಬ ಜೀನನ್ನು ಗುರುತಿಸಿದರು. ಅದರ ನೆರೆಯಲ್ಲೇ ‘ಹಿಡ್’, ‘ಗ್ರಿಮ್’ ಎಂಬ ಇನ್ನೆರಡು ಜೀನುಗಳು ಸಿಕ್ಕವು.

ಇವುಗಳ ಕೆಲಸ ಸೋಜಿಗದ್ದು. ಜೀವಕೋಶವನ್ನು ಕತ್ತರಿಸಬಲ್ಲ ಕ್ಯಾಸ್ಪೇಸ್ ಎಂಬ ಕಿಣ್ವಗಳು ಕೋಶದೊಳಗೆ ಮೊದಲೇ ಇರುತ್ತವೆ. ಕಾವಲು ಪ್ರೋಟೀನೊಂದು ಅವುಗಳನ್ನು ತಡೆದು ಹಿಡಿದಿರುತ್ತದೆ. ಸಮಯ ಬಂದಾಗ ಕೊಯ್ಲುಗಾರನೂ ಅವನ ಜೊತೆಗಾರರೂ ಕಾವಲುಗಾರನನ್ನು ದೂರ ಸರಿಸುತ್ತಾರೆ, ಅಷ್ಟೆ. ನೊಣದ ಹಳೆಯ ಜೊಲ್ಲುಗ್ರಂಥಿ ಅಳಿಯುವಾಗ ರೀಪರ್ ಮತ್ತು ಹಿಡ್ ಜೀನುಗಳನ್ನು ಎಚ್ಚರಿಸುವುದು ಅದೇ ಎಕ್ಡೈಸೋನ್!

ಈ ಮೂರು ಜೀನುಗಳೂ ಇಲ್ಲದ ಭ್ರೂಣದಲ್ಲಿ ಸಾಯಬೇಕಾದ ಕೋಶಗಳು ಉಳಿದುಬಿಡುತ್ತವೆ. ಆದರೆ ಮರಿ ಹೊರಬರುವುದಿಲ್ಲ. ಮನುಷ್ಯನಲ್ಲಿಯೂ ಸಾಯಬೇಕಾದ ಕೋಶ ಸಾಯದಿದ್ದರೆ ಅರ್ಬುದಕ್ಕೆ ದಾರಿಯಾಗಬಹುದು. ಉಳಿಯಬೇಕಾದ ನರಕೋಶ ಸತ್ತರೆ ಅಂಗ ಸೋಲುತ್ತದೆ. ತಡೆಯುವ ಕೈಯೂ ಬಿಡುವ ಕೈಯೂ ಎರಡೂ ಬೇಕು.

ಮದುವೆಗೆ ಕೊಳ್ಳೇಗಾಲದ ರೇಷ್ಮೆ ಸೀರೆಯನ್ನು ಬಿಚ್ಚಿ ನೋಡುವಾಗ ನಾವು ನೇಯ್ದವರನ್ನು ಕೊಂಡಾಡುತ್ತೇವೆ. ಎಳೆಯನ್ನೆಲ್ಲ ಕೊಟ್ಟು, ಹೊತ್ತರಿತು ಹಿಂದೆ ಸರಿದ ಆ ಪುಟ್ಟ ಗ್ರಂಥಿಯನ್ನೂ ಒಮ್ಮೆ ನೆನೆಯಬಹುದು.