ಶುಕ್ರವಹಚ್ಛೇದ ವಿಚಾರ

ಪುರುಷರಲ್ಲಿ ಸಂತಾನನಿರೋಧಕ್ಕಾಗಿ ಮಾಡುವ ಶಸ್ತ್ರಕ್ರಿಯೆಗೆ ಕನ್ನಡದ ಸರಕಾರಿ ಕಾಗದಪತ್ರಗಳಲ್ಲಿ ‘ಸಂತಾನಹರಣ’ವೆಂಬ ಹೆಸರು ರೂಢವಾಗಿರುವುದಷ್ಟೆ. ಸೀತಾಹರಣ, ಗೋಹರಣ ಮೊದಲಾದ ಶಬ್ದಗಳನ್ನು ಕೇಳಿ ಬೆಳೆದ ಕಿವಿಗೆ ಈ ಹೆಸರು, ಇರುವ ಮಕ್ಕಳನ್ನೇ ಯಾರೋ ಅಪಹರಿಸುವರೆಂಬಂತೆ ಕೇಳಿಸಿದರೆ ಆಶ್ಚರ್ಯವಿಲ್ಲ. ಇದಕ್ಕೆ ಪರ್ಯಾಯವಾಗಿ ಕೆಲವರು ಬಳಸುವ ‘ನಿರ್ವೀರ್ಯೀಕರಣ’ವು ಇನ್ನೂ ದುಷ್ಟವಾದ ಶಬ್ದ. ವೀರ್ಯವೆಂದರೆ ಶುಕ್ರವೂ ಹೌದು, ಪರಾಕ್ರಮವೂ ಹೌದು. ಒಂದನ್ನು ತಡೆದರೆ ಮತ್ತೊಂದು ಅಳಿಯುವುದೆಂಬ ಭ್ರಾಂತಿಗೆ ಹೆಸರೇ ಸಾಕ್ಷ್ಯ ನುಡಿಯುತ್ತದೆ. ಈ ಭ್ರಾಂತಿಯ ಮೂಲವೆಲ್ಲಿ, ಅದು ಎಂದು ನಿರಸ್ತವಾಯಿತು, ನಿರಸ್ತವಾದರೂ ಏಕೆ ಉಳಿದಿದೆಯೆಂಬುದು ವಿಚಾರಾರ್ಹವಾಗಿದೆ.

ಸುಶ್ರುತಸಂಹಿತೆಯ ಅಶ್ಮರೀಚಿಕಿತ್ಸೆಯಲ್ಲಿ, ಮೂತ್ರಾಶಯದ ಕಲ್ಲನ್ನು ತೆಗೆಯುವ ವೈದ್ಯನು ಶಸ್ತ್ರ ತಾಗದಂತೆ ಕಾಪಾಡಬೇಕಾದ ಎಂಟು ಸ್ಥಾನಗಳನ್ನು ಹೇಳಿದೆ. ಅವುಗಳಲ್ಲಿ ಶುಕ್ರವಹವೂ ಒಂದು. ಅದು ಕತ್ತರಿಸಿಹೋದರೆ ಮರಣ, ಇಲ್ಲವೆ ಕ್ಲೈಬ್ಯವೆಂದು ಆಚಾರ್ಯನ ಎಚ್ಚರಿಕೆ. ಮರ್ಮಚ್ಛೇದದಿಂದಾದ ಕ್ಲೈಬ್ಯವು ಅಸಾಧ್ಯವೆಂದು, ಎಂದರೆ ಚಿಕಿತ್ಸೆಗೆ ಬಗ್ಗದೆಂದು, ಅದೇ ಗ್ರಂಥದ ಬೇರೊಂದು ಅಧ್ಯಾಯದಲ್ಲಿ ಉಕ್ತವಾಗಿದೆ. ಇದನ್ನು ಮುಂದಿಟ್ಟು ಇಂದಿನ ಶಸ್ತ್ರಕ್ರಿಯೆಯು ಶಾಸ್ತ್ರವಿರುದ್ಧವೆನ್ನುವುದು ಮಾತ್ರ ಸಾಹಸದ ಮಾತು. ಅಲ್ಲಿ ಪ್ರಸಕ್ತವಾದದ್ದು ಮೂತ್ರಾಶಯದ ಬುಡದಲ್ಲಿ, ಆಳದಲ್ಲಿ, ರಕ್ತಸ್ರಾವದ ನಡುವೆ ಆಗಬಹುದಾದ ಗಾಯ. ಇಂದು ಛೇದಿಸುವುದು ವೃಷಣಕೋಶದ ಚರ್ಮದಡಿಯಲ್ಲಿ ಬೆರಳಿಗೆ ಸಿಕ್ಕುವ ನಾಳವನ್ನು. ಮೇಲಾಗಿ ಸುಶ್ರುತನು ಶುಕ್ರವಹ ಸ್ರೋತಸ್ಸುಗಳಿಗೆ ವೃಷಣಗಳೊಡನೆ ಸ್ತನಗಳನ್ನೂ ಮೂಲವೆಂದಿರುವುದರಿಂದ, ಆ ಶಬ್ದವು ಆಧುನಿಕರು ಹೇಳುವ ನಾಳಕ್ಕೇ ಸರಿಯಾಗಿ ಅನ್ವಯಿಸುವುದೆಂದು ಸಾಧಿಸುವುದೂ ಸುಲಭವಲ್ಲ. ಆದರೆ ಹಾಲಿನಲ್ಲಿ ತುಪ್ಪದಂತೆ ಶುಕ್ರವು ಸರ್ವಶರೀರವ್ಯಾಪಿಯೆಂಬ ಅವನ ಮತವು ಜನಮನದಲ್ಲಿ ಬೇರೂರಿತು. ದಾರಿ ಮುಚ್ಚಿದರೆ ದೇಹದ ಸಾರವೇ ಕೆಡುವುದೆಂಬ ಭಯಕ್ಕೆ ಅದು ಆಸರೆಯಾಯಿತೆಂದು ಊಹಿಸಬಹುದು.

ಈ ಭಯವನ್ನು ಪ್ರತ್ಯಕ್ಷಪ್ರಮಾಣದಿಂದ ಪರೀಕ್ಷಿಸಿದವನು ಲಂಡನ್ನಿನ ಶಸ್ತ್ರವೈದ್ಯ ಆಸ್ಟ್ಲಿ ಕೂಪರ್. 1823ರಲ್ಲಿ ಅವನು ಒಂದು ನಾಯಿಯ ಒಂದು ಕಡೆಯ ಶುಕ್ರನಾಳವನ್ನೂ, ಮತ್ತೊಂದು ಕಡೆಯ ರಕ್ತನಾಳಗಳನ್ನೂ ಕತ್ತರಿಸಿದನು. ರಕ್ತ ತಪ್ಪಿದ ವೃಷಣವು ಕೊಳೆತುಹೋಯಿತು; ಶುಕ್ರನಾಳ ಮಾತ್ರ ತಪ್ಪಿದ್ದು ಆರು ವರ್ಷಗಳವರೆಗೂ ಕೆಡದೆ ನಿಂತಿತು. ನಾಯಿಯು ಹೆಣ್ಣನ್ನು ಕೂಡಿದ್ದುಂಟು, ಮರಿಗಳಾಗಲಿಲ್ಲ. 1830ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ಈ ವೃತ್ತಾಂತವಿದೆ. ಕ್ಲೈಬ್ಯ ಬೇರೆ, ನಿರ್ಬೀಜತ್ವ ಬೇರೆ ಎಂಬುದು ಅಂದಿಗೇ ಸಿದ್ಧವಾಯಿತು.

ಹೀಗಿದ್ದರೂ ಮುಂದೆ ಈ ಶಸ್ತ್ರಕ್ರಿಯೆಯು ಒಳ್ಳೆಯವರ ಕೈಗೇ ಬಿತ್ತೆಂದು ಹೇಳುವಂತಿಲ್ಲ. ಅಮೆರಿಕೆಯ ಇಂಡಿಯಾನಾ ಸಂಸ್ಥಾನದ ಸೆರೆಮನೆಯೊಂದರಲ್ಲಿ ವೈದ್ಯನಾಗಿದ್ದ ಹ್ಯಾರಿ ಷಾರ್ಪ್ ಎಂಬವನು 1899ರಿಂದ ಕೈದಿಗಳ ಮೇಲೆ ಇದನ್ನು ನಡೆಸತೊಡಗಿದನು. ‘ಹೀನ’ರ ಕುಲ ಬೆಳೆಯಬಾರದೆಂಬುದು ಅವನ ವಾದ. 1907ರಲ್ಲಿ ಆ ಸಂಸ್ಥಾನವು ಬಲಾತ್ಕಾರದ ನಿರ್ಬೀಜೀಕರಣಕ್ಕೆ ಶಾಸನವನ್ನೇ ಮಾಡಿತು. ಲೋಕದಲ್ಲಿ ಅಂಥದರಲ್ಲಿ ಅದೇ ಮೊದಲನೆಯದು. 1921ರಲ್ಲಿ ಅಲ್ಲಿಯ ನ್ಯಾಯಸ್ಥಾನವು ಅದನ್ನು ರದ್ದುಗೊಳಿಸಿದರೂ ಮೇಲ್ಪಂಕ್ತಿ ಹರಡಿಯಾಗಿತ್ತು.

ವಿಯೆನ್ನಾ ನಗರದ ಯೂಗೆನ್ ಸ್ಟೈನಾಖನದು ಇದಕ್ಕೆ ತೀರ ವಿರುದ್ಧವಾದ ನಿರೀಕ್ಷೆ. ನಾಳವನ್ನು ಕಟ್ಟಿದರೆ ವೃಷಣದ ಅಂತಃಸ್ರಾವ ಹೆಚ್ಚಿ ಮುದುಕನಿಗೆ ಯೌವನ ಮರಳುವುದೆಂದು ಅವನು 1920ರಲ್ಲಿ ಪ್ರಚುರಪಡಿಸಿದನು. ಯಯಾತಿಗೆ ಮಗನ ಯೌವನ ಬೇಕಾಯಿತು. ಇಲ್ಲಿ ಒಂದು ಗಂಟು ಸಾಕಾಯಿತು! 1923ರಲ್ಲಿ ಮನಶ್ಶಾಸ್ತ್ರಜ್ಞ ಫ್ರಾಯ್ಡ್ ಇದನ್ನು ಮಾಡಿಸಿಕೊಂಡನು. 1934ರಲ್ಲಿ ಐರಿಷ್ ಕವಿ ಯೇಟ್ಸ್ ತನ್ನ ಅರುವತ್ತೆಂಟನೆಯ ವಯಸ್ಸಿನಲ್ಲಿ ಲಂಡನ್ನಿನಲ್ಲಿ ಮಾಡಿಸಿಕೊಂಡು, ತನ್ನ ಕವಿತ್ವಶಕ್ತಿ ಮರಳಿತೆಂದೇ ನಂಬಿದ್ದನು. 1939ರಲ್ಲಿ ಸಾಯುವವರೆಗೆ ಅವನು ಬರೆದದ್ದು ಬಹಳ, ಒಳ್ಳೆಯದೂ ಬಹಳ. ಆದರೆ ಸ್ಟೈನಾಖನ ಸಿದ್ಧಾಂತವು ವೈದ್ಯಶಾಸ್ತ್ರದಲ್ಲಿ ನಿಲ್ಲಲಿಲ್ಲ. ಆ ಕವಿತೆಗಳಿಗೆ ಕಾರಣ ನಾಳವಲ್ಲ, ನಂಬಿಕೆಯೆನ್ನಬೇಕು. ಛೇದದಿಂದ ಪುರುಷತ್ವ ಹೆಚ್ಚುವುದೆಂಬುದೂ ಕುಂದುವುದೆಂಬುದೂ ಸಮಾನವಾಗಿ ನಿರಾಧಾರ.

ಭಾರತದಲ್ಲಿ ಸಂತಾನನಿಯಂತ್ರಣದ ಪ್ರಸ್ತಾಪವು ಹಳೆಯದು. ರಘುನಾಥ ಧೋಂಡೋ ಕರ್ವೆಯವರು 1921ರಲ್ಲಿ ಮುಂಬಯಿಯಲ್ಲಿ ಚಿಕಿತ್ಸಾಲಯವನ್ನು ತೆರೆದರು. 1930ರಲ್ಲಿ ಮೈಸೂರು ಸರಕಾರವೇ ಅಂಥವನ್ನು ಸ್ಥಾಪಿಸಿತು. 1952ರಲ್ಲಿ ದೇಶಕ್ಕೆಲ್ಲ ಯೋಜನೆಯಾಯಿತು. 1971ರ ಜುಲೈ ತಿಂಗಳಲ್ಲಿ ಕೇರಳದ ಎರ್ನಾಕುಲಂ ಶಿಬಿರದಲ್ಲಿ ಅರುವತ್ತು ಸಾವಿರಕ್ಕೂ ಮಿಕ್ಕ ಪುರುಷರು ಈ ಶಸ್ತ್ರಕ್ರಿಯೆಗೆ ಒಳಗಾದರು. ಕೊಡುಗೆಯ ಹಣದ ಆಸೆ ಅಲ್ಲಿದ್ದರೂ ದೊಣ್ಣೆಯ ಭಯವಿರಲಿಲ್ಲ. ದೊಣ್ಣೆ ಬಂದದ್ದು ತುರ್ತುಪರಿಸ್ಥಿತಿಯಲ್ಲಿ. 1976-77ರಲ್ಲಿ ನಡೆದ ಸುಮಾರು 82 ಲಕ್ಷ ಶಸ್ತ್ರಕ್ರಿಯೆಗಳಲ್ಲಿ 62 ಲಕ್ಷ ಪುರುಷರವು. ನೌಕರರಿಗೆ ಸಂಖ್ಯೆ ಗೊತ್ತುಮಾಡಿ ಸಂಬಳ ತಡೆದದ್ದುಂಟು; 1976ರ ನವೆಂಬರಿನಲ್ಲಿ ಹರಿಯಾಣದ ಉಟಾವರ್ ಗ್ರಾಮವನ್ನು ಪೋಲೀಸರು ಮುತ್ತಿ ಗಂಡಸರನ್ನು ಹಿಡಿದೊಯ್ದರು. ಷಾ ಆಯೋಗದ ಮುಂದೆ ಬಂದ ಮರಣಗಳ ಲೆಕ್ಕ 1,774.

ಇದರ ಫಲವನ್ನು ಇಂದಿಗೂ ಉಣ್ಣುತ್ತಿರುವವರು ಸ್ತ್ರೀಯರು. 1977ರ ಚುನಾವಣೆಯ ತರುವಾಯ ಯಾವ ಸರಕಾರವೂ ಪುರುಷನ ತಂಟೆಗೆ ಹೋಗಲು ಧೈರ್ಯಪಡಲಿಲ್ಲ. ಭಾರವೆಲ್ಲ ಹೆಂಗಸಿನ ಮೇಲೆ ಬಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ವಿವಾಹಿತ ದಂಪತಿಗಳಲ್ಲಿ ಸ್ತ್ರೀಶಸ್ತ್ರಕ್ರಿಯೆಯನ್ನು ಅವಲಂಬಿಸಿದವರು ನೂರಕ್ಕೆ 37.9, ಪುರುಷಶಸ್ತ್ರಕ್ರಿಯೆಯನ್ನು ಅವಲಂಬಿಸಿದವರು 0.3. ಉದರವನ್ನು ಭೇದಿಸಬೇಕಾದದ್ದು ಮೊದಲನೆಯದು, ಚರ್ಮವನ್ನು ಮಾತ್ರ ಭೇದಿಸುವುದು ಎರಡನೆಯದು ಎಂಬುದನ್ನು ನೆನೆದರೆ ಈ ಅಂಕಿಗಳು ವಿಪರೀತವಾಗಿ ತೋರುತ್ತವೆ.

1974ರಲ್ಲಿ ಚೀನಾದೇಶದ ಲೀ ಷುನ್‌ಚಿಯಾಂಗ್ ಎಂಬ ವೈದ್ಯನು ಚೂರಿಯನ್ನೇ ಬಿಟ್ಟು, ಮೊನಚಾದ ಇಕ್ಕಳದಿಂದ ಚರ್ಮದಲ್ಲಿ ರಂಧ್ರ ಮಾಡುವ ಕ್ರಮವನ್ನು ರೂಢಿಸಿದ ಮೇಲೆ ಕೆಲಸವು ಇನ್ನೂ ಹಗುರವಾಗಿದೆ. ಆ ಭಾಗಕ್ಕೆ ಮಾತ್ರ ಮರವೆಯ ಸೂಜಿಮದ್ದು ಕೊಟ್ಟು, ನಾಳವನ್ನು ಹೊರಗೆಳೆದು ತುಂಡರಿಸಿ ಕಟ್ಟಿ ಒಳಗೆ ಬಿಡುವರು. ಅರ್ಧ ಗಂಟೆಯೊಳಗೆ ಎಲ್ಲವೂ ಮುಗಿದು, ಅಂದೇ ಮನೆಗೆ ನಡೆದುಹೋಗಬಹುದು. ಕೆಲವು ದಿನ ನೋವು, ಊತ, ಚರ್ಮ ಕಪ್ಪಿಡುವುದು ಸಹಜ. ಭಾರವೆತ್ತುವುದನ್ನು ಒಂದು ವಾರ ಬಿಡಬೇಕು. ಕೆಲವರಲ್ಲಿ ನೋವು ಬಹುಕಾಲ ಉಳಿಯುವುದೂ ಉಂಟು. ಮುಂದೆ ನಾಳವನ್ನು ಮತ್ತೆ ಜೋಡಿಸಬಹುದಾದರೂ ಸಂತಾನವಾಗುವ ಭರವಸೆಯಿಲ್ಲ. ಆದುದರಿಂದ ಇದನ್ನು ಶಾಶ್ವತವೆಂದೇ ಎಣಿಸಿ ಒಪ್ಪಬೇಕು. ಸ್ಖಲಿಸುವ ದ್ರವದಲ್ಲಿ ಬೀಜಾಂಶವು ಅತ್ಯಲ್ಪವಾಗಿದ್ದು ಮಿಕ್ಕುದು ಬೇರೆ ಗ್ರಂಥಿಗಳಿಂದ ಬರುವುದರಿಂದ, ಹೊರಗೆ ಯಾವ ವ್ಯತ್ಯಾಸವೂ ತೋರದು.

ಶಿಬಿರಗಳ ಗಡಿಬಿಡಿಯಲ್ಲಿ ಹೇಳದೆ ಬಿಟ್ಟುಹೋಗಬಾರದ ಸಂಗತಿ ಒಂದಿದೆ. ಛೇದವಾದೊಡನೆ ಪುರುಷನು ನಿರ್ಬೀಜನಾಗುವುದಿಲ್ಲ. ಛೇದದಿಂದಾಚೆ ಮೊದಲೇ ಸೇರಿದ್ದ ಬೀಜವು ಕಳೆಯಲು ಸುಮಾರು ಮೂರು ತಿಂಗಳು ಹಿಡಿಯುತ್ತದೆ. ಆಮೇಲೆ ಶುಕ್ರವನ್ನು ಪರೀಕ್ಷೆ ಮಾಡಿಸಿ, ಬೀಜವಿಲ್ಲವೆಂದು ವೈದ್ಯರು ಹೇಳುವವರೆಗೆ ಬೇರೆ ಉಪಾಯವನ್ನು ಅನುಸರಿಸಬೇಕು. ಪರೀಕ್ಷೆಯಾದ ಮೇಲೂ ಸುಮಾರು ಎರಡು ಸಾವಿರಕ್ಕೆ ಒಬ್ಬನಲ್ಲಿ ನಾಳವು ತಾನಾಗಿ ಕೂಡಿಕೊಳ್ಳುವುದುಂಟು. ಇದನ್ನು ತಿಳಿಯದ ಗಂಡನು ಹೆಂಡತಿಗೆ ಗರ್ಭ ನಿಂತಾಗ ಮೊದಲು ಸಂಶಯಿಸುವುದು ಆಕೆಯ ಶೀಲವನ್ನು.