ಹೃದಯ ವೈಫಲ್ಯದಲ್ಲಿ ಪಾರ್ಶ್ವವಾಯುವಿನ ಅಪಾಯ

ದೀರ್ಘಕಾಲದ ಹೃದಯ ವೈಫಲ್ಯವೆಂದರೆ ಹೃದಯ ನಿಂತುಹೋಗುವುದಲ್ಲ. ದೇಹಕ್ಕೆ ಬೇಕಾದಷ್ಟು ರಕ್ತವನ್ನು ತಳ್ಳಲಾರದ ಸ್ಥಿತಿಯಲ್ಲೇ ಅದು ವರ್ಷಗಟ್ಟಲೆ ಬಡಿಯುತ್ತಿರುವುದು. ಎಕೋ ನೋಡಿದ ವೈದ್ಯರು ‘ಪಂಪಿಂಗ್ ಕಡಿಮೆಯಾಗಿದೆ’ ಎನ್ನುವುದು ಬಹುಮಟ್ಟಿಗೆ ಇದನ್ನೇ. ಏದುಸಿರು, ಕಾಲೂತ, ಸುಸ್ತು ಎಲ್ಲರ ಕಣ್ಣಿಗೂ ಬೀಳುತ್ತವೆ. ಜೊತೆಗೇ ಬೆಳೆಯುವ ಪಾರ್ಶ್ವವಾಯುವಿನ, ಅಂದರೆ ಲಕ್ವದ, ಅಪಾಯ ಮಾತ್ರ ಯಾವ ಲಕ್ಷಣವನ್ನೂ ತೋರುವುದಿಲ್ಲ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ನಿವಾಸಿಗಳನ್ನು 1948ರಿಂದ ಗಮನಿಸುತ್ತ ಬಂದ ಅಧ್ಯಯನ 1991ರಲ್ಲಿ ಕೊಟ್ಟ ಲೆಕ್ಕದಂತೆ, ವಯಸ್ಸಿನ ವ್ಯತ್ಯಾಸವನ್ನು ಸರಿದೂಗಿಸಿದ ಮೇಲೂ ಹೃದಯ ವೈಫಲ್ಯವಿದ್ದವರಲ್ಲಿ ಪಾರ್ಶ್ವವಾಯು ನಾಲ್ಕು ಪಟ್ಟಿಗೂ ಹೆಚ್ಚು. ಅಪಾಯ ಇಷ್ಟಿರುವಾಗ ಎಲ್ಲ ರೋಗಿಗಳಿಗೂ ರಕ್ತ ತೆಳುಮಾಡುವ ಮಾತ್ರೆ ಕೊಟ್ಟುಬಿಡಬಹುದಲ್ಲ ಎಂದು ತೋರುವುದು ಸಹಜ. ಪುರಾವೆಗಳನ್ನು ಒಂದೊಂದಾಗಿ ನೋಡಿದರೆ ಆ ತೀರ್ಮಾನ ನಿಲ್ಲುವುದಿಲ್ಲ.

ರಕ್ತನಾಳದೊಳಗೆ ಹೆಪ್ಪುಗಟ್ಟಲು ಕಾರಣಗಳು ಮೂರು: ರಕ್ತದ ಹರಿವು ನಿಧಾನವಾಗುವುದು, ಒಳಗೋಡೆ ಕೆಡುವುದು, ರಕ್ತದಲ್ಲೇ ಹೆಪ್ಪುಗಟ್ಟುವ ಗುಣ ಹೆಚ್ಚುವುದು. ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಷೋ ಹೆಸರಿನಲ್ಲಿ ವೈದ್ಯಕೀಯ ವಿದ್ಯಾರ್ಥಿಗಳು ಕಲಿಯುವ ಈ ಮೂರೂ ಸೋತ ಹೃದಯದಲ್ಲಿ ಒಟ್ಟಿಗೆ ಸೇರುತ್ತವೆ. ಹೃದಯಾಘಾತದಿಂದ ಸತ್ತ ಸ್ನಾಯು ಕುಗ್ಗುವುದಿಲ್ಲವಾದ್ದರಿಂದ ಎಡ ಹೃತ್ಕುಕ್ಷಿಯ ತುದಿಯಲ್ಲಿ ರಕ್ತ ಮಡುಗಟ್ಟುತ್ತದೆ. ಅಲ್ಲಿ ಕಟ್ಟಿದ ಹೆಪ್ಪಿನ ಚೂರು ಕಳಚಿ ಮಿದುಳಿನ ನಾಳ ಸೇರಿದರೆ ಪಾರ್ಶ್ವವಾಯು. ಹೃದಯಾಘಾತದ ನಂತರ ಹೃದಯ ದುರ್ಬಲವಾದ 2,231 ರೋಗಿಗಳ ‘ಸೇವ್’ ಪ್ರಯೋಗದ ಮಾಹಿತಿ 1997ರಲ್ಲಿ ಇದನ್ನು ಅಂಕಿಯಲ್ಲಿ ತೋರಿಸಿತು: ಪಂಪಿಂಗ್ ಪ್ರಮಾಣ (ಎಡ ಹೃತ್ಕುಕ್ಷಿ ತನ್ನಲ್ಲಿರುವ ರಕ್ತದಲ್ಲಿ ಪ್ರತಿ ಬಡಿತಕ್ಕೆ ಹೊರತಳ್ಳುವ ಶೇಕಡಾ ಪಾಲು) ಪ್ರತಿ 5 ಅಂಶ ಇಳಿದಂತೆ ಪಾರ್ಶ್ವವಾಯುವಿನ ಅಪಾಯ ಶೇ. 18ರಷ್ಟು ಏರುತ್ತಿತ್ತು.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ. ಹೃದಯ ವೈಫಲ್ಯ ಒಂಟಿಯಾಗಿ ಬರುವ ಕಾಯಿಲೆಯಲ್ಲ. ಬಿಪಿ, ಸಕ್ಕರೆ ಕಾಯಿಲೆ, ನಾಳಗಳ ಕೊಬ್ಬು, ಎಲ್ಲಕ್ಕಿಂತ ಹೆಚ್ಚಾಗಿ ಏಟ್ರಿಯಲ್ ಫಿಬ್ರಿಲೇಶನ್ ಎಂಬ ತಾಳತಪ್ಪಿದ ಬಡಿತ ಅದರ ಜೊತೆಗಿರುತ್ತವೆ. ತಪ್ಪು ಅವುಗಳದ್ದಿರಬಾರದೇಕೆ? ಆಕ್ಷೇಪದಲ್ಲಿ ಹುರುಳಿದೆ, ಆದರೆ ಪೂರ್ತಿ ಅಲ್ಲ. 2012ರಲ್ಲಿ ಪ್ರಕಟವಾದ ‘ವಾರ್ಸೆಫ್’ ಪ್ರಯೋಗ ಬಡಿತದ ತಾಳ ಸರಿಯಿದ್ದು ಪಂಪಿಂಗ್ ಶೇ. 35 ಮೀರದ 2,305 ರೋಗಿಗಳನ್ನು ಮಾತ್ರ ಆಯ್ದುಕೊಂಡಿತ್ತು. ಅವರಲ್ಲೂ ಆಸ್ಪಿರಿನ್ ತೆಗೆದುಕೊಂಡವರಿಗೆ ವರ್ಷಕ್ಕೆ ನೂರಕ್ಕೆ 1.36ರಂತೆ ಹೆಪ್ಪಿನಿಂದಾದ ಪಾರ್ಶ್ವವಾಯು ಬಂತು. ರಕ್ತ ತೆಳುಮಾಡುವ ವಾರ್ಫರಿನ್ ಪಡೆದವರಲ್ಲಿ ಅದು 0.72. ಅಂದರೆ ತಾಳ ತಪ್ಪದ ಹೃದಯದಿಂದಲೂ ಹೆಪ್ಪು ಹೊರಡುತ್ತದೆ, ಅದನ್ನು ಮಾತ್ರೆ ಸುಮಾರು ಅರ್ಧಕ್ಕೆ ಇಳಿಸುತ್ತದೆ. ಆದರೆ ಲೆಕ್ಕ ಅಲ್ಲಿಗೆ ಮುಗಿಯಲಿಲ್ಲ. ದೊಡ್ಡ ರಕ್ತಸ್ರಾವ ಆಸ್ಪಿರಿನ್ ಗುಂಪಿನಲ್ಲಿ 0.87, ವಾರ್ಫರಿನ್ ಗುಂಪಿನಲ್ಲಿ 1.78. ಸಾವು, ಹೆಪ್ಪಿನಿಂದ ಮತ್ತು ಮಿದುಳಿನ ರಕ್ತಸ್ರಾವದಿಂದ ಆಗುವ ಎರಡೂ ಬಗೆಯ ಪಾರ್ಶ್ವವಾಯು ಕೂಡಿಸಿ ನೋಡಿದಾಗ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಇರಲಿಲ್ಲ.

ಹಳೆಯ ಮಾತ್ರೆಯಿಂದ ಹೀಗಾಯಿತು, ಹೊಸದು ಗೆಲ್ಲಬಹುದು ಎಂದು ಕಾದವರಿಗೆ 2018ರ ‘ಕಮಾಂಡರ್’ ಪ್ರಯೋಗ ಉತ್ತರ ಕೊಟ್ಟಿತು. ಹೃದಯ ವೈಫಲ್ಯ ಆಗಷ್ಟೇ ಉಲ್ಬಣಗೊಂಡಿದ್ದ 5,022 ರೋಗಿಗಳಲ್ಲಿ ಸಣ್ಣ ಪ್ರಮಾಣದ ರಿವರಾಕ್ಸಬಾನ್ ಪಾರ್ಶ್ವವಾಯುವನ್ನು ಕಡಿಮೆ ಮಾಡಿತಾದರೂ ಸಾವು, ಹೃದಯಾಘಾತ, ಪಾರ್ಶ್ವವಾಯು ಸೇರಿದ ಮುಖ್ಯ ಲೆಕ್ಕದಲ್ಲಿ ಪ್ರಯೋಜನ ಕಾಣಲಿಲ್ಲ. ಹೀಗೆ ಎಲ್ಲವನ್ನೂ ಒಂದೇ ಮೊತ್ತದಲ್ಲಿ ಸೇರಿಸಿದರೆ ಪಾರ್ಶ್ವವಾಯುವಿನಲ್ಲಿ ಉಳಿದದ್ದು ಕಣ್ಮರೆಯಾಗುತ್ತದೆ, ಕೈಕಾಲು ಬಿದ್ದುಹೋಗುವುದಕ್ಕಿಂತ ರಕ್ತಸ್ರಾವವೇ ವಾಸಿ ಎನ್ನುವ ರೋಗಿ ಇರಬಹುದು ಎಂಬ ವಾದವಿದೆ. ಅದು ತಳ್ಳಿಹಾಕುವಂಥದ್ದಲ್ಲ. ಆದರೂ ಈ ರೋಗಿಗಳಲ್ಲಿ ಹೆಚ್ಚಿನವರು ಸಾಯುವುದು ಪಂಪಿಂಗ್ ಕುಸಿದು ಅಥವಾ ಬಡಿತ ಹಠಾತ್ತನೆ ಕೆಟ್ಟು. ಎರಡನ್ನೂ ಈ ಮಾತ್ರೆ ಮುಟ್ಟುವುದಿಲ್ಲ. ವರ್ಷಕ್ಕೆ ನೂರರಲ್ಲಿ ಒಬ್ಬರಿಗಿಂತ ಕಡಿಮೆ ಜನರ ಪಾರ್ಶ್ವವಾಯು ತಪ್ಪಿಸಲು ಅದಕ್ಕಿಂತ ತುಸು ಹೆಚ್ಚು ಜನರಿಗೆ ದೊಡ್ಡ ರಕ್ತಸ್ರಾವ ತರಿಸುವುದನ್ನು ಎಲ್ಲರ ಮೇಲೂ ಹೇರುವ ನಿಯಮ ಮಾಡಲಾಗದು.

ಹಾಗಾದರೆ ಮಾತ್ರೆ ಯಾರಿಗೆ? ಏಟ್ರಿಯಲ್ ಫಿಬ್ರಿಲೇಶನ್ ಇದ್ದವರಿಗೆ, ಅನುಮಾನವೇ ಬೇಡ. ಅವರ ಅಪಾಯವನ್ನು ಅಂಕಗಳಲ್ಲಿ ಎಣಿಸುವ ಪದ್ಧತಿಯಲ್ಲಿ ಹೃದಯ ವೈಫಲ್ಯಕ್ಕೇ ಒಂದು ಅಂಕವಿದೆ, ಇಲ್ಲಿ ಆಸ್ಪಿರಿನ್ ಬದಲಿಯಾಗದು. ತೊಡಕೆಂದರೆ ಈ ತಾಳತಪ್ಪು ಬಂದುಹೋಗುತ್ತಿರಬಹುದು, ಒಂದು ಇಸಿಜಿಗೆ ಸಿಗದಿರಬಹುದು. ಆದ್ದರಿಂದ ಪ್ರತಿ ಭೇಟಿಯಲ್ಲೂ ನಾಡಿ ಹಿಡಿದು ನೋಡುವುದು, ಸಂಶಯವಿದ್ದರೆ ದಿನವಿಡೀ ಬಡಿತ ದಾಖಲಿಸುವ ಹೋಲ್ಟರ್ ಹಾಕುವುದು, ಎಲ್ಲರಿಗೂ ಮಾತ್ರೆ ಬರೆಯುವುದಕ್ಕಿಂತ ಬೆಲೆಯುಳ್ಳ ಕೆಲಸ. ಎಕೋದಲ್ಲಿ ಹೆಪ್ಪು ಕಂಡವರಿಗೂ ಮಾತ್ರೆ ಬೇಕು. ಭಾರತದಲ್ಲಿ ಮೂರನೆಯ ಗುಂಪೊಂದಿದೆ: ಬಾಲ್ಯದ ರುಮ್ಯಾಟಿಕ್ ಜ್ವರದಿಂದ ಕವಾಟ ಕಿರಿದಾದವರು. ತಿರುವನಂತಪುರದಲ್ಲಿ 2013ರಲ್ಲಿ ದಾಖಲಾದ 1,205 ಹೃದಯ ವೈಫಲ್ಯದ ರೋಗಿಗಳಲ್ಲಿ ಸುಮಾರು ಶೇ. 8 ಮಂದಿಗೆ ಮೂಲ ಕಾರಣ ರುಮ್ಯಾಟಿಕ್ ಹೃದಯ ಕಾಯಿಲೆಯೇ. ಹೊಸ ಮಾತ್ರೆಯೇ ಮೇಲು ಎಂಬ ಎಣಿಕೆ ಇವರ ವಿಷಯದಲ್ಲಿ ತಲೆಕೆಳಗಾಯಿತು. ಭಾರತವೂ ಪಾಲ್ಗೊಂಡಿದ್ದ 2022ರ ‘ಇನ್ವಿಕ್ಟಸ್’ ಪ್ರಯೋಗದಲ್ಲಿ, ರುಮ್ಯಾಟಿಕ್ ಕಾಯಿಲೆಯೊಂದಿಗೆ ತಾಳತಪ್ಪು ಇದ್ದವರಲ್ಲಿ ರಿವರಾಕ್ಸಬಾನ್‌ಗಿಂತ ವಾರ್ಫರಿನ್ ಜಾತಿಯ ಔಷಧಿ ಪಡೆದವರೇ ಕಡಿಮೆ ಸತ್ತರು. ನಮ್ಮಲ್ಲಿ ಬಳಕೆಯಲ್ಲಿರುವ ಅಸಿಟ್ರೋಮ್ ಇದೇ ಜಾತಿಯದು. ಅದನ್ನು ನುಂಗುವವರು, ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತನ್ನು ಅಳೆಯುವ ಐಎನ್‌ಆರ್ ಪರೀಕ್ಷೆಯನ್ನು ತಪ್ಪಿಸುವಂತಿಲ್ಲ. ಸೊಪ್ಪಿನಲ್ಲಿರುವ ವಿಟಮಿನ್ ಕೆ ಈ ಔಷಧಿಗೆ ಎದುರಾಗಿ ಕೆಲಸ ಮಾಡಿದರೂ ಸೊಪ್ಪು ಬಿಡಬೇಕಿಲ್ಲ, ತಿನ್ನುವ ಪ್ರಮಾಣ ವಾರದಿಂದ ವಾರಕ್ಕೆ ಏರುಪೇರಾಗಬಾರದು, ಅಷ್ಟೆ.

ಹೃದಯ ವೈಫಲ್ಯದ ರೋಗಿಗೆ ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಮನೆಯವರು ಅದನ್ನು ಎಂದಿನ ಸುಸ್ತೆಂದು ಬಿಡಬಾರದು. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ರಕ್ತ ತೆಳುಮಾಡುವ ಮಾತ್ರೆ ನಡೆಯುತ್ತಿದ್ದರೆ ಅದರ ಹೆಸರನ್ನೂ ಕೊನೆಯ ಸಲ ನುಂಗಿದ ಹೊತ್ತನ್ನೂ ಆಸ್ಪತ್ರೆ ತಲುಪಿದ ಕೂಡಲೇ ಹೇಳಿ. ಆ ಚುಚ್ಚುಮದ್ದು ಕೊಡಬಹುದೇ ಬೇಡವೇ ಎನ್ನುವುದು ಅದರ ಮೇಲೂ ನಿಂತಿದೆ.