ಖಾಲಿ ಜಾಗ ಯಾರಪ್ಪನ ಮನೆ ಗಂಟು?

ಬೆಂಗಳೂರಿನ ಯಾವುದೇ ಹಳೇ ಬಡಾವಣೆಗೆ ಹೋಗಿ. ಅಲ್ಲೊಂದು ಪಾರ್ಕ್ ಇರುತ್ತೆ. ನಾಲ್ಕು ಹೊಂಗೆ ಮರ, ಎರಡು ಕಲ್ಲು ಬೆಂಚು, ಬೆಳಗ್ಗೆ ವಾಕಿಂಗ್ ಮಾಡೋ ನಿವೃತ್ತರು, ಸಂಜೆ ಜಾರುಬಂಡೆ ಆಡೋ ಮಕ್ಕಳು. ಇದೆಲ್ಲ ಮೊದಲಿನಿಂದಲೂ ಇತ್ತು, ಮುಂದೆಯೂ ಇರುತ್ತೆ ಅಂದುಕೊಂಡಿದ್ದೀವಿ ನಾವು. ಇಲ್ಲ ಸ್ವಾಮಿ. ಬೆಂಗಳೂರಿನ ಒಂದೇ ಒಂದು ಪಾರ್ಕೂ ತಾನಾಗಿ ಹುಟ್ಟಿದ್ದಲ್ಲ. ಯಾರೋ ಒಬ್ಬರು 'ಇಲ್ಲಿ ಕಟ್ಟಡ ಬೇಡ' ಅಂತ ತೀರ್ಮಾನ ಮಾಡಿದರು, ಹುಟ್ಟಿತು. ಇನ್ಯಾರೋ 'ಇಲ್ಲಿ ಕಟ್ಟೋಕೆ ಬಿಡಲ್ಲ' ಅಂತ ಅಡ್ಡ ನಿಂತರು, ಉಳಿಯಿತು. ಉದ್ಯಾನನಗರಿಯ ಇತಿಹಾಸ ಅಂದರೆ ಇಷ್ಟೇ. ಆದರೆ ಅದರ ವಿವರ ಇದೆಯಲ್ಲ, ಅದನ್ನು ಪ್ರತಿಯೊಬ್ಬ ಬೆಂಗಳೂರಿಗನೂ ತಿಳಿದುಕೊಳ್ಳಬೇಕು.

ಲಾಲ್‌ಬಾಗ್‌ನಿಂದಲೇ ಶುರು ಮಾಡೋಣ. 1760ರಲ್ಲಿ ಹೈದರ್ ಅಲಿ ಈ ತೋಟಕ್ಕೆ ಕೈ ಹಾಕಿದಾಗ ಅದು ಸುಮಾರು 40 ಎಕರೆ. ಇವತ್ತು 240 ಎಕರೆ. ಗಮನಿಸಿ, ಊರು ಬೆಳೆದ ಹಾಗೆ ತೋಟ ಕುಗ್ಗಲಿಲ್ಲ, ಆರು ಪಟ್ಟು ದೊಡ್ಡದಾಯಿತು! ಹೇಗೆ? ಹೈದರನ ನಂತರ ಟಿಪ್ಪು ದೇಶವಿದೇಶದ ಗಿಡ ತರಿಸಿದ. 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾಯಿತು. ಜಾನ್ ಕ್ಯಾಮರಾನ್ ಎಂಬ ಅಧಿಕಾರಿಯ ಕಾಲದಲ್ಲಿ, 1889ರಲ್ಲಿ, ಗಾಜಿನ ಮನೆಗೆ ಅಡಿಗಲ್ಲು ಬಿತ್ತು. 1908ರಲ್ಲಿ ಜರ್ಮನಿಯ ಕ್ರುಂಬಿಗಲ್ ಬಂದರು. ವರ್ಷದ ಒಂದಲ್ಲ ಒಂದು ತಿಂಗಳಲ್ಲಿ ಒಂದಲ್ಲ ಒಂದು ಬೀದಿ ಹೂ ಬಿಡುವ ಹಾಗೆ ಮರ ಆರಿಸಿ ನೆಡಿಸಿದ ಪುಣ್ಯಾತ್ಮ ಅವರು. ಆಮೇಲೆ ನಮ್ಮವರೇ ಆದ ಎಚ್.ಸಿ. ಜವರಾಯ, ಎಂ.ಎಚ್. ಮರಿಗೌಡ. ನವಾಬರು ಹೋದರು, ಬ್ರಿಟಿಷರು ಬಂದರು, ಮಹಾರಾಜರು ಬಂದರು, ಪ್ರಜಾಪ್ರಭುತ್ವವೂ ಬಂತು. ಆಳುವವರು ಬದಲಾದರೂ ತೋಟಗಾರಿಕೆಯವರ ಹಠ ಬದಲಾಗಲಿಲ್ಲ. ಅದಕ್ಕೇ ಲಾಲ್‌ಬಾಗ್ ಉಳಿದಿದೆ.

ಎರಡನೆಯದು ಕಬ್ಬನ್ ಪಾರ್ಕ್. 1870ರ ಮಾತು. ಒಂದು ಕಡೆ ಪೇಟೆ, ಇನ್ನೊಂದು ಕಡೆ ದಂಡು. ನಡುವೆ ಬಯಲು. ಎರಡು ವರ್ಷದ ಹಿಂದಷ್ಟೇ ಅಠಾರಾ ಕಚೇರಿ ಎದ್ದು ನಿಂತಿತ್ತು. ಅದರ ಸುತ್ತಲಿನ ಜಾಗದಲ್ಲಿ ಏನು ಬೇಕಾದರೂ ಕಟ್ಟಬಹುದಿತ್ತು. ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿ ಅಲ್ಲಿ 100 ಎಕರೆಯ ಪಾರ್ಕ್ ಮಾಡಿಸಿದರು. ಮೊದಲು ಅದರ ಹೆಸರು ಮೀಡ್ಸ್ ಪಾರ್ಕ್, ಆಮೇಲೆ ಕಬ್ಬನ್ ಪಾರ್ಕ್, 1927ರಿಂದ ಕಾಗದದ ಮೇಲೆ ಶ್ರೀ ಚಾಮರಾಜೇಂದ್ರ ಉದ್ಯಾನ. ಸ್ಯಾಂಕಿ ಪಾರ್ಕ್ ಮಾಡಿಸಿದಾಗ ಬೆಂಗಳೂರಿನ ಜನಸಂಖ್ಯೆ ಎರಡು ಲಕ್ಷವೂ ಇರಲಿಲ್ಲ. ಸುತ್ತ ಎಲ್ಲಿ ನೋಡಿದರೂ ಹೊಲ, ತೋಪು, ಕೆರೆ. ಅಂಥಾ ಊರಿಗೆ 100 ಎಕರೆ ಪಾರ್ಕ್ ಯಾಕಪ್ಪಾ ಅಂತ ಆಗ ಯಾರಾದರೂ ಕೇಳಿದ್ದಿದ್ದರೆ? 2011ರ ಜನಗಣತಿಯಲ್ಲಿ ಇದೇ ಊರಿನ ಜನಸಂಖ್ಯೆ 84 ಲಕ್ಷ ದಾಟಿತ್ತು. ಸ್ಯಾಂಕಿ ಪಾರ್ಕ್ ಮಾಡಿದ್ದು ಅವತ್ತಿನ ಜನಕ್ಕಲ್ಲ. ನಮಗೆ!

ನಾವೇನು ಮಾಡಿದೆವು? ಪಾರ್ಕಿನೊಳಗೆ ಒಂದೊಂದಾಗಿ ಕಟ್ಟಡ ತಂದು ಕೂರಿಸಿದೆವು. ಕ್ಲಬ್ಬು ಬಂತು, ಟೆನಿಸ್ ಸ್ಟೇಡಿಯಂ ಬಂತು, ಬಾಲಭವನ ಬಂತು. ನಮ್ಮ ಪತ್ರಕರ್ತರ ಪ್ರೆಸ್ ಕ್ಲಬ್ ಇರೋದೂ ಅಲ್ಲೇ, ಅದನ್ನೂ ಹೇಳಿಬಿಡಬೇಕಲ್ಲ! ಪಾರ್ಕಿನ ಒಂದಷ್ಟು ಎಕರೆಯನ್ನು ಪಾರ್ಕಿನ ವ್ಯಾಪ್ತಿಯಿಂದಲೇ ಹೊರಗಿಡೋಕೆ 1998ರಲ್ಲಿ ಸರ್ಕಾರ ಮುಂದಾಯಿತು. ಜನ ಬೀದಿಗಿಳಿದರು, ಕೋರ್ಟ್ ಮೆಟ್ಟಿಲೂ ಹತ್ತಿದರು. ನೆನಪಿಡಿ, ಅಷ್ಟು ಹೊತ್ತಿಗೆ ಸರ್ಕಾರಿ ಉದ್ಯಾನಗಳನ್ನು ಕಾಪಾಡೋಕೆ ಅಂತಲೇ 1975ರ ಕಾನೂನು ಇತ್ತು. ಬೇಲಿ ಇತ್ತು, ಆದರೆ ಕಾಯಬೇಕಾಗಿ ಬಂದದ್ದು ಜನರೇ.

ಕೆರೆಗಳ ಕಥೆಯಂತೂ ಕೇಳಲೇಬೇಡಿ. ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತೋವಾಗ ಕಾಲ ಕೆಳಗೆ ಇರೋದು ಧರ್ಮಾಂಬುಧಿ ಕೆರೆಯ ಅಂಗಳ. ಕಂಠೀರವ ಸ್ಟೇಡಿಯಂ ಇರೋದು ಸಂಪಂಗಿ ಕೆರೆಯಲ್ಲಿ. ನೀರು ಬತ್ತಿತು, 'ಖಾಲಿ ಜಾಗ' ಅನ್ನೋ ಹೆಸರು ಬಂತು, ಅಲ್ಲಿಗೆ ಕೆರೆಯ ಕಥೆ ಮುಗಿಯಿತು. ಈ ಎರಡು ಪದ ಬಹಳ ಅಪಾಯಕಾರಿ. ಒಂದು ಜಾಗ ಕೈ ತಪ್ಪೋಕೆ ಮೊದಲು ಅದಕ್ಕೆ ಯಾರೋ ಒಬ್ಬರು 'ಖಾಲಿ ಜಾಗ' ಅಂತ ನಾಮಕರಣ ಮಾಡಿರುತ್ತಾರೆ.

ಈಗ ಈ ಕಥೆಯ ಮುಖ್ಯ ಭಾಗಕ್ಕೆ ಬರ್ತೀನಿ. ಬಹಳ ಜನಕ್ಕೆ ಗೊತ್ತಿಲ್ಲದ ಭಾಗ ಇದು. ಸದಾಶಿವನಗರ ಅಂದಕೂಡಲೇ ನಮಗೆ ನೆನಪಾಗೋದು ಮಂತ್ರಿಗಳ ಬಂಗಲೆ. ಇಡೀ ದೇಶದ ಪಾರ್ಕುಗಳನ್ನು ಕಾಪಾಡಿದ ತೀರ್ಪು ಹುಟ್ಟಿದ್ದೂ ಅಲ್ಲೇ. ಹಳೇ ಸಿಐಟಿಬಿ ಕಾಲದಲ್ಲಿ ಆ ಬಡಾವಣೆಯ ನಕ್ಷೆ ತಯಾರಾದಾಗ ಒಂದು ಜಾಗವನ್ನು ಪಾರ್ಕಿಗೆ ಅಂತ ಮೀಸಲಿಟ್ಟಿದ್ದರು. 1976 ಬಂತು. ದೇಶದಲ್ಲಿ ತುರ್ತು ಪರಿಸ್ಥಿತಿ. ಆ ಜಾಗವನ್ನು ಒಂದು ಖಾಸಗಿ ವೈದ್ಯಕೀಯ ಟ್ರಸ್ಟಿಗೆ, ನರ್ಸಿಂಗ್ ಹೋಮ್ ಕಟ್ಟೋಕೆ ಕೊಟ್ಟುಬಿಟ್ಟರು. ಆದೇಶ ಬಂದದ್ದು ಎಲ್ಲಿಂದ? ನೇರ ಮುಖ್ಯಮಂತ್ರಿಗಳ ಮಟ್ಟದಿಂದ. ಹೊಸದಾಗಿ ಹುಟ್ಟಿದ್ದ ಬಿಡಿಎ ತಲೆಯಾಡಿಸಿತು.

ಅಲ್ಲಿನ ನಿವಾಸಿಗಳು ಸುಮ್ಮನಿರಲಿಲ್ಲ. ಹೈಕೋರ್ಟಿಗೆ ಹೋದರು. ಏಕಸದಸ್ಯ ಪೀಠದಲ್ಲಿ ಸೋತರು. ಮೇಲ್ಮನವಿ ಹಾಕಿದರು, ವಿಭಾಗೀಯ ಪೀಠದಲ್ಲಿ ಗೆದ್ದರು. ಆಗ ಎದುರು ಪಕ್ಷದವರು ಸುಪ್ರೀಂ ಕೋರ್ಟಿಗೆ ಹೋದರು. ಅವರ ವಾದ ಏನು ಗೊತ್ತಾ? ಆಸ್ಪತ್ರೆಯೂ ಜನರ ಒಳಿತಿಗೇ ತಾನೇ? ಪಾರ್ಕಿಗಿಂತ ಆಸ್ಪತ್ರೆ ಕೀಳಾ? ಅದೂ ಅಲ್ಲದೆ, ಇದನ್ನು ಪ್ರಶ್ನೆ ಮಾಡೋಕೆ ಈ ನಿವಾಸಿಗಳು ಯಾರು?

ವಾದ ಕೇಳೋಕೆ ಚೆನ್ನಾಗಿದೆ ಅಲ್ವಾ? ಇವತ್ತಿಗೂ ಪಾರ್ಕ್ ನುಂಗೋರು ಹೇಳೋದು ಇದನ್ನೇ. ಆಸ್ಪತ್ರೆ ಬೇಡವಾ, ಸ್ಕೂಲ್ ಬೇಡವಾ, ಸಮುದಾಯ ಭವನ ಬೇಡವಾ? 1991ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಟ್ಟಿತು. ನ್ಯಾಯಮೂರ್ತಿಗಳಾದ ಟಿ.ಕೆ. ಥೊಮ್ಮೆನ್ ಮತ್ತು ಆರ್.ಎಂ. ಸಹಾಯ್ ಅವರ ಪೀಠ. ತಿರುಳು ಇಷ್ಟು: ಪಾರ್ಕು ಬಡವ ಬಲ್ಲಿದ ಅನ್ನದೆ ಎಲ್ಲರಿಗೂ ಸೇರಿದ್ದು, ಖಾಸಗಿ ನರ್ಸಿಂಗ್ ಹೋಮ್ ಅದಕ್ಕೆ ಬದಲಿ ಆಗೋದಿಲ್ಲ. ಪಾರ್ಕಿಗೆ ಮೀಸಲಿಟ್ಟ ಜಾಗವನ್ನು ಎಷ್ಟೇ ದೊಡ್ಡ ಕುರ್ಚಿಯಲ್ಲಿ ಕೂತವರಾದರೂ ಮನಸೋಇಚ್ಛೆ ಖಾಸಗಿಯವರಿಗೆ ಕೊಡೋಕಾಗೋದಿಲ್ಲ. ಅದನ್ನು ಪ್ರಶ್ನಿಸುವ ಹಕ್ಕು ಅಲ್ಲಿ ವಾಸ ಮಾಡೋ ಜನಕ್ಕಿದೆ. 15 ವರ್ಷ ಹಿಡಿಯಿತು, ಜನ ಗೆದ್ದರು. ಪಾರ್ಕಿನ ವಿಷಯಕ್ಕೆ ದೇಶದ ಯಾವ ಮೂಲೆಯಲ್ಲಿ ಕೇಸ್ ನಡೆದರೂ ವಕೀಲರು ಇವತ್ತಿಗೂ ತೆಗೆಯೋದು ಬೆಂಗಳೂರಿನ ಈ ತೀರ್ಪನ್ನೇ. ಆದರೆ ಬೆಂಗಳೂರಿನಲ್ಲಿ ಎಷ್ಟು ಜನಕ್ಕೆ ಇದು ಗೊತ್ತು?

1976ರಲ್ಲಿ, ಇದೇ ಊರಿನಲ್ಲಿ, ಇನ್ನೊಂದು ಜಾಗವೂ ಸುದ್ದಿಯಲ್ಲಿತ್ತು. ಗಾಂಧಿನಗರದ ಸೆಂಟ್ರಲ್ ಜೈಲು. 1975ರ ಜೂನ್‌ನಲ್ಲಿ ಸಂಸದೀಯ ಸಮಿತಿಯ ಸಭೆಗೆ ಅಂತ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ ಅವರನ್ನು ಇಲ್ಲೇ ಬಂಧಿಸಿ ಇದೇ ಜೈಲಿಗೆ ಹಾಕಿದರು. 'ಸಂಸ್ಕಾರ' ಸಿನಿಮಾದ ಕಲಾವಿದೆ ಸ್ನೇಹಲತಾ ರೆಡ್ಡಿ ಕೂಡ ಇಲ್ಲೇ ಇದ್ದರು. ಆಸ್ತಮಾದಿಂದ ನರಳಿ ನರಳಿ, 1977ರ ಜನವರಿಯಲ್ಲಿ ಹೊರಗೆ ಬಂದ ಕೆಲವೇ ದಿನಗಳಲ್ಲಿ ತೀರಿಹೋದರು. ಅಂಥಾ ಜಾಗ ಅದು.

ಕಾಲ ಬದಲಾಯಿತು. ಜೈಲು ಪರಪ್ಪನ ಅಗ್ರಹಾರಕ್ಕೆ ಹೋಯಿತು. ಊರಿನ ನಟ್ಟನಡುವೆ, ಮೆಜೆಸ್ಟಿಕ್‌ನಿಂದ ನಡೆದು ಹೋಗೋ ದೂರದಲ್ಲಿ, ಸುಮಾರು 21 ಎಕರೆ ಖಾಲಿ! ಚದರ ಅಡಿಗೆ ಎಷ್ಟು ಬೆಲೆ ಬರ್ತಿತ್ತು ಲೆಕ್ಕ ಹಾಕಿ. ಮಾಲ್ ಬರಬಹುದಿತ್ತು, ಟವರ್ ಬರಬಹುದಿತ್ತು. ಬರಲಿಲ್ಲ. 2008ರ ನವೆಂಬರ್‌ನಲ್ಲಿ ಅದು ಫ್ರೀಡಂ ಪಾರ್ಕ್ ಆಗಿ ಬಾಗಿಲು ತೆರೆಯಿತು. ಕಾವಲು ಗೋಪುರ, ಬ್ಯಾರಕ್ಕುಗಳನ್ನು ಹಾಗೇ ಉಳಿಸಿಕೊಂಡರು. ಒಂದು ಕಾಲಕ್ಕೆ ಬಾಯಿ ಬಿಟ್ಟವರನ್ನು ಕೂಡಿಹಾಕುತ್ತಿದ್ದ ಜಾಗದಲ್ಲಿ ಈಗ ಅಂಗನವಾಡಿ ಕಾರ್ಯಕರ್ತೆಯರು, ರೈತರು, ಗುತ್ತಿಗೆ ನೌಕರರು ಧರಣಿ ಕೂರುತ್ತಾರೆ. ಅದರ ಕುಂದುಕೊರತೆ ಹೇಳೋಕೆ ಹೊರಟರೆ ಒಂದು ಎಪಿಸೋಡ್ ಸಾಲದು, ನಿಜ. ಆದರೂ ಸಿಟಿಯ ಹೃದಯಭಾಗದಲ್ಲಿ ಹೊಸ ಪಾರ್ಕ್ ಮಾಡೋಕೆ ಜಾಗವೇ ಇಲ್ಲ ಅನ್ನೋರಿಗೆ ಫ್ರೀಡಂ ಪಾರ್ಕ್ ಉತ್ತರವಾಗಿ ನಿಂತಿದೆ. ಜಾಗ ಇರುತ್ತೆ ಸ್ವಾಮಿ, ಮನಸ್ಸು ಇರಬೇಕು.

ಮನಸ್ಸು ಇಲ್ಲದಿದ್ದರೆ ಏನಾಗುತ್ತೆ? ಅದಕ್ಕೂ ಉದಾಹರಣೆ ಇದೆ. ಮಲ್ಲೇಶ್ವರದ ರಾಜಾ ಮಿಲ್ ನಿಂತಿತು, ಆ ಜಾಗದಲ್ಲಿ ಮಾಲ್ ಎದ್ದಿತು. ಬಿನ್ನಿ ಮಿಲ್ ಮುಚ್ಚಿತು, ಅಪಾರ್ಟ್‌ಮೆಂಟ್ ಬಂತು. ಸಾವಿರಾರು ಕಾರ್ಮಿಕರು ಬದುಕು ಕಟ್ಟಿಕೊಂಡಿದ್ದ ಜಾಗಗಳು ಅವು. ಖಾಸಗಿ ಆಸ್ತಿ, ಮಾರಿದರು ಅಂತ ಹೇಳಬಹುದು. ಸರಿ. ಹಾಗಾದರೆ ಸರ್ಕಾರದ್ದೇ ಜಮೀನು ಖಾಲಿಯಾದಾಗ?

ಆ ಪರೀಕ್ಷೆ ಈಗ ಬಂದಿದೆ. ಬೈಯಪ್ಪನಹಳ್ಳಿಯ ಎನ್‌ಜಿಇಎಫ್. ಒಂದು ಕಾಲಕ್ಕೆ ಕರ್ನಾಟಕದ ಹೆಮ್ಮೆ. ಬಾಗಿಲು ಹಾಕಿ ಎರಡು ದಶಕ ದಾಟಿತು. ಯಂತ್ರಗಳ ಸದ್ದು ನಿಂತ ಮೇಲೆ ಅಲ್ಲಿ ಮರಗಳು ತಮ್ಮ ಪಾಡಿಗೆ ತಾವು ಬೆಳೆದು ಕಾಡಾಗಿವೆ. ಅಲ್ಲಿ ವೃಕ್ಷೋದ್ಯಾನ ಮಾಡ್ತೀವಿ ಅಂತ ಸರ್ಕಾರವೇ ಘೋಷಣೆ ಮಾಡಿದೆ. ಒಳ್ಳೇದು. ಆದರೆ ಘೋಷಣೆಗೂ ಗೇಟು ತೆರೆಯೋದಕ್ಕೂ ನಡುವೆ ಎಷ್ಟೋ ಫೈಲುಗಳು, ಎಷ್ಟೋ ಕೈಗಳು ಇರುತ್ತವೆ. ಮೂಲೆಯಲ್ಲೊಂದು ಕಟ್ಟಡ, ಪಕ್ಕದಲ್ಲೊಂದು ಪಾರ್ಕಿಂಗ್, ಅಂಚಿನಲ್ಲೊಂದು ವಾಣಿಜ್ಯ ಸಂಕೀರ್ಣ ಅಂತ ಬಂದು, ಕೊನೆಗೆ ಉದ್ಯಾನ ಅಂದರೆ ಎರಡು ಕುಂಡ ಅನ್ನೋ ಹಾಗೆ ಆಗಬಾರದು. ಕಣ್ಣಿಟ್ಟಿರಬೇಕು.

ಕೊನೆಯದಾಗಿ ನಿಮಗೊಂದು ಕೆಲಸ. ಬಿಡಿಎ ಕಾಯ್ದೆಯ ಪ್ರಕಾರ ಬಡಾವಣೆಯ ಒಟ್ಟು ಜಾಗದಲ್ಲಿ ಕನಿಷ್ಠ ಶೇ. 15ರಷ್ಟು ಪಾರ್ಕು, ಆಟದ ಮೈದಾನಕ್ಕೆ ಬಿಡಬೇಕು. ಅಂದರೆ 100 ಎಕರೆ ಬಡಾವಣೆಗೆ 15 ಎಕರೆ. ನೀವು ಬಿಡಿಎ ಬಡಾವಣೆಯಲ್ಲಿ ಇದ್ದೀರಾ? ಹಾಗಾದರೆ ಮೂಲ ನಕ್ಷೆ ತರಿಸಿ. ಪಾರ್ಕು ಅಂತ ಎಲ್ಲೆಲ್ಲಿ ಗುರುತು ಮಾಡಿದ್ದಾರೆ ನೋಡಿ. ನಕ್ಷೆ ಹಿಡಿದುಕೊಂಡು ಒಂದು ಭಾನುವಾರ ಬೀದಿ ಸುತ್ತಿ ಬನ್ನಿ. ಅಲ್ಲಿ ಮರ ಇದೆಯಾ, ಮಹಡಿ ಇದೆಯಾ? ಸದಾಶಿವನಗರದ ಜನ ಕೋರ್ಟಿಗೆ ಹೋದಾಗ ಅವರ ಕೈಯಲ್ಲಿದ್ದ ದೊಡ್ಡ ಬಲ ಆ ಬಡಾವಣೆಯ ಮೂಲ ಯೋಜನೆಯೇ.

ಸ್ಯಾಂಕಿ ನಮ್ಮ ಮುಖ ನೋಡಿರಲಿಲ್ಲ. ಆದರೂ ನಮಗೆ ಅಂತ 100 ಎಕರೆ ಬಿಟ್ಟುಹೋದರು. ನಾವು ಮುಖ ನೋಡಿ, ಎತ್ತಿ ಆಡಿಸಿದ ಮೊಮ್ಮಕ್ಕಳಿಗೆ ಏನು ಬಿಟ್ಟುಹೋಗ್ತೀವಿ? ಇನ್ನೊಂದು ಸಲ ಯಾರಾದರೂ 'ಅಲ್ಲೊಂದು ಖಾಲಿ ಜಾಗ ಇದೆ' ಅಂತ ಬಂದರೆ ಜೋರಾಗಿ ಹೇಳಿ: ಅದು ಖಾಲಿ ಇಲ್ಲ ಕಣ್ರೀ, ಅಲ್ಲಿ ನಮ್ಮ ಮಕ್ಕಳು ಆಡ್ತಾರೆ.